ಕಂಪಾಲಾದಿಂದ ಹೊರಟ ದುಡ್ಡು ಶಾಲೆಗೆ ಯಾಕೆ ಮುಟ್ಟಲಿಲ್ಲ?

1990ರ ದಶಕದ ಆರಂಭದಲ್ಲಿ ಪೂರ್ವ ಆಫ್ರಿಕಾದ ಉಗಾಂಡಾ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಎತ್ತಿಡುವ ಹಣವನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತಾ ಬಂತು. ಬಜೆಟ್ ಪುಸ್ತಕದಲ್ಲಿ ಅಂಕಿ ಏರುತ್ತಿತ್ತು. ಶಾಲೆಗೆ ದಾಖಲಾಗುವ ಮಕ್ಕಳ ಸಂಖ್ಯೆ ಮಾತ್ರ, ಸರ್ಕಾರದ್ದೇ ಲೆಕ್ಕದ ಪ್ರಕಾರ, ಇದ್ದಲ್ಲೇ ಇತ್ತು. ಇಷ್ಟು ದುಡ್ಡು ಸುರಿದರೂ ಫಲ ಯಾಕೆ ಕಾಣುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು 1996ರಲ್ಲಿ ಒಂದು ಸಮೀಕ್ಷೆ ನಡೆಯಿತು. ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಅದರ ಹಿಂದಿದ್ದರು. ಗಣತಿದಾರರು 250 ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ, ಐದು ವರ್ಷಗಳಲ್ಲಿ ನಿಮಗೆ ಎಷ್ಟು ಬಂತು ತೋರಿಸಿ ಎಂದು ಮುಖ್ಯ ಶಿಕ್ಷಕರ ಲೆಕ್ಕದ ಪುಸ್ತಕ ತೆಗೆಸಿದರು. ಅದನ್ನು ರಾಜಧಾನಿ ಕಂಪಾಲಾದಲ್ಲಿ ಬಿಡುಗಡೆಯಾದ ಮೊತ್ತದ ಪಕ್ಕದಲ್ಲಿಟ್ಟು ತಾಳೆ ನೋಡಿದರು.

ಆ ಶಾಲೆಗಳಿಗೆ ಮಗುವಿಗಿಷ್ಟು ಎಂದು ತಲಾವಾರು ಅನುದಾನ ಬರಬೇಕಿತ್ತು: ಒಂದರಿಂದ ಮೂರನೇ ತರಗತಿವರೆಗಿನ ಮಗುವಿಗೆ ವರ್ಷಕ್ಕೆ 2,500 ಶಿಲ್ಲಿಂಗ್, ನಾಲ್ಕರಿಂದ ಏಳರವರೆಗೆ 4,000 ಶಿಲ್ಲಿಂಗ್. ಆಗಿನ ದರದಲ್ಲಿ ಡಾಲರಿಗೆ ತಿರುಗಿಸಿದರೆ ಸುಮಾರು ಎರಡೂವರೆ ಮತ್ತು ನಾಲ್ಕು. ಸೀಮೆಸುಣ್ಣ, ಪುಸ್ತಕ, ಸಣ್ಣಪುಟ್ಟ ಖರ್ಚಿಗೆ ಅಷ್ಟೇ ಆಧಾರ. 1991ರಿಂದ 1995ರವರೆಗಿನ ಲೆಕ್ಕ ಕೂಡಿಸಿದಾಗ, ಕೇಂದ್ರ ಸರ್ಕಾರ 100 ಶಿಲ್ಲಿಂಗ್ ಬಿಟ್ಟರೆ ಶಾಲೆಗೆ ಮುಟ್ಟಿದ್ದು ಸರಾಸರಿ 13. ಅದೂ ಸರಾಸರಿ ಮಾತ್ರ, ಬಹುಪಾಲು ಶಾಲೆಗಳಿಗೆ ಏನೂ ಬಂದಿರಲಿಲ್ಲ.

ನಮ್ಮಲ್ಲಿ 1985ರಲ್ಲಿ ರಾಜೀವ್ ಗಾಂಧಿ ಆಡಿದ, ರೂಪಾಯಿಯಲ್ಲಿ 15 ಪೈಸೆ ಮಾತ್ರ ಬಡವರಿಗೆ ಸೇರುತ್ತದೆ ಎಂಬ ಮಾತು ಇಂದಿಗೂ ಎಲ್ಲರ ಬಾಯಲ್ಲಿದೆ. ಅದು ಒಬ್ಬ ಪ್ರಧಾನಿಯ ಅಂದಾಜು. ಉಗಾಂಡಾದ 13 ಹಾಗಲ್ಲ. ಯಾವ ಶಾಲೆ, ಯಾವ ವರ್ಷ, ಎಷ್ಟು ಹಣ ಎಂದು ಶಾಲೆ ಶಾಲೆಗೆ ಹೋಗಿ ಅಳೆದು ತೆಗೆದ ಅಂಕಿ. ಅಂದಾಜಿನ ಮೇಲೆ ಭಾಷಣ ಮಾಡಬಹುದು, ಅಳತೆ ಕೈಯಲ್ಲಿದ್ದರೆ ಜಿಲ್ಲಾ ಅಧಿಕಾರಿಯನ್ನು ಕೂರಿಸಿಕೊಂಡು ಲೆಕ್ಕ ಕೇಳಬಹುದು. ಬಡ ದೇಶಗಳ ಸರ್ಕಾರಿ ಆಡಳಿತವನ್ನು ಸರಿಪಡಿಸಲು ಹೊರಗಿನವರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ಅರ್ಥ ಮಾಡಿಕೊಳ್ಳಲು ಉಗಾಂಡಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ಗೆಲುವೂ ಇದೆ, ದೊಡ್ಡ ಸೋಲೂ ಇದೆ. ಎರಡೂ ದಾಖಲೆಯಲ್ಲಿವೆ.

ನಡುದಾರಿಯಲ್ಲಿ ಆಗಿದ್ದೇನು

ಸರ್ಕಾರಿ ಆಡಳಿತದ ನಿರ್ವಹಣೆ ಎಂದಾಗ ದೊಡ್ಡ ದೊಡ್ಡ ಪದಗಳು ಕಣ್ಣೆದುರು ಬರುತ್ತವೆ. ಬಿಡಿಸಿ ನೋಡಿದರೆ ಕೆಲಸ ಐದಾರೇ: ತೆರಿಗೆ ಸಂಗ್ರಹಿಸುವುದು, ಬಜೆಟ್ ಹಂಚುವುದು, ಖಜಾನೆಯಿಂದ ಹಣ ಬಿಡುಗಡೆ ಮಾಡುವುದು, ನೌಕರರನ್ನು ನೇಮಿಸಿ ಸಂಬಳ ಕೊಡುವುದು, ಸಾಮಾನು ಖರೀದಿಸುವುದು, ಕೊನೆಗೆ ಇವೆಲ್ಲವನ್ನೂ ಲೆಕ್ಕಪರಿಶೋಧನೆಗೆ ಒಪ್ಪಿಸುವುದು. ಇವುಗಳಲ್ಲಿ ಯಾವುದೋ ಒಂದು ಕಡೆ ಕೊಂಡಿ ಕಳಚಿದರೂ ಹಳ್ಳಿಯ ಶಾಲೆಗೆ ಸೀಮೆಸುಣ್ಣ ಬರುವುದಿಲ್ಲ.

ಉಗಾಂಡಾದಲ್ಲಿ ಕೊಂಡಿ ಕಳಚಿದ್ದು ಜಿಲ್ಲೆಯಲ್ಲಿ. ಹಣ ಕೇಂದ್ರದಿಂದ ಜಿಲ್ಲಾ ಆಡಳಿತಕ್ಕೆ ಬರುತ್ತಿತ್ತು, ಅಲ್ಲಿಂದ ಶಾಲೆಗೆ ಹೋಗಬೇಕಿತ್ತು. ಜಿಲ್ಲೆಯವರು ಅದನ್ನು ತಮ್ಮ ಇತರ ಖರ್ಚುಗಳಿಗೆ, ಸ್ಥಳೀಯ ರಾಜಕೀಯಕ್ಕೆ, ಬೇಕಾದವರನ್ನು ಸಾಕುವುದಕ್ಕೆ ತಿರುಗಿಸುತ್ತಿದ್ದರು. ಅಷ್ಟೂ ಹಣ ಯಾರದೋ ಜೇಬಿಗೆ ಹೋಯಿತು ಎನ್ನಲಾಗದು, ಆದರೆ ಶಾಲೆಗಂತೂ ಹೋಗಲಿಲ್ಲ.

ಈ ಸಮೀಕ್ಷೆಯಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಬೇರೊಂದು ವಿಷಯ. ಅದೇ ಜಿಲ್ಲಾ ಆಡಳಿತದ ಮೂಲಕ ಹೋಗುತ್ತಿದ್ದ ಶಿಕ್ಷಕರ ಸಂಬಳ ಈ ಪ್ರಮಾಣದಲ್ಲಿ ಸೋರುತ್ತಿರಲಿಲ್ಲ. ತಡವಾಗುತ್ತಿತ್ತು, ನಿಜ, ಆದರೆ ಮುಟ್ಟುತ್ತಿತ್ತು. ಅಧಿಕಾರಿಗಳು ಅವರೇ, ಕಚೇರಿ ಅದೇ, ಕಾನೂನು ಅದೇ. ವ್ಯತ್ಯಾಸ ಒಂದೇ: ತನಗೆ ತಿಂಗಳಿಗೆ ಎಷ್ಟು ಬರಬೇಕು ಎಂದು ಪ್ರತಿ ಶಿಕ್ಷಕನಿಗೂ ಗೊತ್ತಿತ್ತು. ತಲಾವಾರು ಅನುದಾನ ಎಂಬುದೊಂದು ಇದೆ ಎಂದೇ ಎಷ್ಟೋ ಪೋಷಕರಿಗೆ ಗೊತ್ತಿರಲಿಲ್ಲ. ಶಾಲೆಗೆ ಬೇಕಾದ್ದನ್ನು ಅವರು ತಮ್ಮ ಕೈಯಿಂದಲೇ, ಪೋಷಕರ ಸಂಘದ ವಂತಿಗೆಯಾಗಿ, ತುಂಬುತ್ತಿದ್ದರು. ಸ್ಥಿತಿವಂತ ಪೋಷಕರಿದ್ದ ಊರಿನ ಶಾಲೆಗೆ ಅನುದಾನದ ಹೆಚ್ಚು ಪಾಲು ಬಂದಿತ್ತು, ಏಕೆಂದರೆ ಅಲ್ಲಿನ ಮುಖ್ಯ ಶಿಕ್ಷಕರು ಜಿಲ್ಲಾ ಕಚೇರಿಗೆ ಎಡತಾಕಿ ಜೋರು ಮಾಡುತ್ತಿದ್ದರು. ಬಡವರ ಊರಿನ ಶಾಲೆ ಬಾಯಿ ಬಿಡಲಿಲ್ಲ, ಅದಕ್ಕೆ ಏನೂ ಸಿಗಲಿಲ್ಲ.

ಸಮೀಕ್ಷೆಯ ಫಲಿತಾಂಶ ಹೊರಬಂದ ಮೇಲೆ ಸರ್ಕಾರ ಮಾಡಿದ ಮೊದಲ ಕೆಲಸಕ್ಕೆ ಹೆಚ್ಚು ಖರ್ಚೂ ಇರಲಿಲ್ಲ. ಯಾವ ಜಿಲ್ಲೆಗೆ ಎಷ್ಟು ಹಣ ಬಿಟ್ಟಿದ್ದೇವೆ ಎಂದು ಪತ್ರಿಕೆಗಳಲ್ಲಿ ಅಚ್ಚು ಹಾಕಿಸತೊಡಗಿತು, ಸ್ಥಳೀಯ ಭಾಷೆಯ ಪತ್ರಿಕೆಗಳಲ್ಲೂ. ಆಮೇಲೆ ಪ್ರತಿ ಶಾಲೆಯೂ ತನಗೆ ಬಂದ ಮೊತ್ತವನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಹಾಕಬೇಕು ಎಂದಾಯಿತು. ಪೇಪರಿನಲ್ಲಿ ಜಿಲ್ಲೆಯ ಲೆಕ್ಕ, ಗೋಡೆಯ ಮೇಲೆ ಶಾಲೆಯ ಲೆಕ್ಕ. ಮಗುವನ್ನು ಶಾಲೆಗೆ ಬಿಡಲು ಬಂದ ತಾಯಿ ಎರಡನ್ನೂ ಹೋಲಿಸಿ ನೋಡಬಹುದಿತ್ತು, ಮುಖ್ಯ ಶಿಕ್ಷಕ ಪತ್ರಿಕೆಯ ತುಣುಕು ಹಿಡಿದುಕೊಂಡೇ ಜಿಲ್ಲಾ ಕಚೇರಿಗೆ ಹೋಗಬಹುದಿತ್ತು. 2001ರ ಹೊತ್ತಿಗೆ ಮತ್ತೆ ಅಳೆದಾಗ ನೂರಕ್ಕೆ ಸರಾಸರಿ 80ಕ್ಕಿಂತ ಹೆಚ್ಚು ಪಾಲು ಶಾಲೆಗೆ ಮುಟ್ಟುತ್ತಿತ್ತು. ಈ ಅಧ್ಯಯನ ನಡೆಸಿದ ರಿತ್ವಾ ರೈನಿಕ್ಕಾ ಮತ್ತು ಯಾಕೋಬ್ ಸ್ವೆನ್ಸನ್ ಇನ್ನೂ ಒಂದು ಅಂಶ ತೋರಿಸಿದರು: ಪತ್ರಿಕೆ ಸಿಗುವ ಅಂಗಡಿಗೆ ಹತ್ತಿರವಿದ್ದ ಶಾಲೆಗಳಲ್ಲಿ ಸುಧಾರಣೆ ಹೆಚ್ಚು.

ಪ್ರಪಂಚದ ಎಲ್ಲ ಅಭಿವೃದ್ಧಿ ತಜ್ಞರ ಬಾಯಲ್ಲೂ ಈ ಕತೆ ಓಡಾಡಿತು. ಓಡಾಡುತ್ತಾ ಸ್ವಲ್ಪ ಸವೆದೂ ಹೋಯಿತು. ಪತ್ರಿಕೆಯಲ್ಲಿ ಹಾಕಿದರೆ ಸಾಕು ಭ್ರಷ್ಟಾಚಾರ ಓಡಿಹೋಗುತ್ತದೆ ಎಂಬಂತೆ ಹೇಳುವವರು ಹೆಚ್ಚಾದರು. ಆಗ ಪಾಲ್ ಹಬ್ಬರ್ಡ್ ಎಂಬ ಸಂಶೋಧಕರು 2007ರಲ್ಲಿ ತಡೆದು ಹೇಳಿದರು: ಅದೇ ಅವಧಿಯಲ್ಲಿ ಬೇರೆಯೂ ಬಹಳಷ್ಟು ಬದಲಾಗಿತ್ತಲ್ಲ. 1997ರಲ್ಲಿ ಸರ್ಕಾರ ಎಲ್ಲರಿಗೂ ಉಚಿತ ಪ್ರಾಥಮಿಕ ಶಿಕ್ಷಣ ಘೋಷಿಸಿತ್ತು. ಸುಮಾರು 31 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 53 ಲಕ್ಷಕ್ಕೆ ಜಿಗಿದಿತ್ತು. ಶಾಲೆಯ ಹಣವನ್ನು ಜಿಲ್ಲೆಗಳು ಬೇರೆಡೆಗೆ ತಿರುಗಿಸದಂತೆ ಷರತ್ತುಬದ್ಧ ಅನುದಾನದ ನಿಯಮ ಬಂದಿತ್ತು. ಹಣಕಾಸು ಸಚಿವಾಲಯ ಕಣ್ಣಿಟ್ಟಿತ್ತು. ಪತ್ರಿಕೆಯೊಂದಕ್ಕೇ ಎಲ್ಲ ಶ್ರೇಯ ಕೊಡುವುದು ಸರಿಯಲ್ಲ. ಹಬ್ಬರ್ಡ್ ಹೇಳಿದ್ದರಲ್ಲಿ ನ್ಯಾಯವಿದೆ. ಆದರೂ ನನ್ನ ಮಟ್ಟಿಗೆ, 13 ಎಂಬ ಅಂಕಿ ಸಿಗದೇ ಹೋಗಿದ್ದರೆ ಈ ಯಾವ ನಿಯಮಕ್ಕೂ ಇಷ್ಟು ಜೀವ ಬರುತ್ತಿರಲಿಲ್ಲ.

ಎಲ್ಲರಿಗೂ ಗೊತ್ತಿರುವ ಪಕ್ಕಾ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಜಾಂಬಿಯಾವನ್ನೂ ನೋಡಬಹುದು. ಅಲ್ಲಿ ಶಾಲೆ ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲಕ್ಕೂ ಒಂದೇ ಮೊತ್ತ ಎಂಬ ಸರಳ ನಿಯಮದ ಅನುದಾನವೊಂದಿತ್ತು. ಅದು ಹೆಚ್ಚುಕಡಿಮೆ ಎಲ್ಲ ಶಾಲೆಗಳಿಗೂ ಮುಟ್ಟಿತು. ಅಧಿಕಾರಿಗಳ ವಿವೇಚನೆಗೆ ಬಿಟ್ಟ ಅನುದಾನ ಮಾತ್ರ ಕೆಲವೇ ಶಾಲೆಗಳನ್ನು ಸೇರಿತು. ಮಕ್ಕಳ ಸಂಖ್ಯೆ ನೋಡದೆ ಸಮನಾಗಿ ಹಂಚುವುದು ನ್ಯಾಯವಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಯಾರಿಗೂ ಮುಚ್ಚಿಡಲಾಗದ ನಿಯಮ ಅದು.

ಹೊರಗಿನ ನೆರವು ಬರುವ ದಾರಿಗಳು

ಅಂತರರಾಷ್ಟ್ರೀಯ ನೆರವು ಎಂದರೆ ಬರೀ ಸಾಲವಲ್ಲ. ಮೊದಲನೆಯದು ಯೋಜನೆಗೆ ಕೊಡುವ ಹಣ: ಇಂಥ ಆಸ್ಪತ್ರೆ, ಇಂಥ ಸಾಫ್ಟ್‌ವೇರ್, ಇಂಥ ರಸ್ತೆ. ಎರಡನೆಯದು ತಾಂತ್ರಿಕ ಸಹಾಯ, ಅಂದರೆ ತಜ್ಞರನ್ನು ಕಳಿಸುವುದು, ತರಬೇತಿ ಕೊಡುವುದು. ಮೂರನೆಯದು ಬಜೆಟ್ ನೆರವು. ಇದರಲ್ಲಿ ಹಣ ನೇರವಾಗಿ ಆ ದೇಶದ ಖಜಾನೆಗೆ ಸೇರುತ್ತದೆ, ಅಲ್ಲಿನ ಬಜೆಟ್ ಮೂಲಕವೇ ಖರ್ಚಾಗುತ್ತದೆ. ನಾಲ್ಕನೆಯದು ಸಾಲ ಮನ್ನಾ. ಹೆಚ್ಚು ಸಾಲದಲ್ಲಿ ಮುಳುಗಿದ ಬಡ ದೇಶಗಳ ಸಾಲ ಇಳಿಸುವ ಜಾಗತಿಕ ಯೋಜನೆಯಲ್ಲಿ 1998ರ ಏಪ್ರಿಲ್‌ನಲ್ಲಿ ಮೊದಲು ಲಾಭ ಪಡೆದ ದೇಶವೇ ಉಗಾಂಡಾ. ಸಾಲ ಇಳಿದದ್ದರಿಂದ ಉಳಿತಾಯವಾದ ಹಣ ಬಡತನ ನಿವಾರಣೆಗೇ ಹೋಗಬೇಕು ಎಂದು ಪ್ರತ್ಯೇಕ ನಿಧಿ ಮಾಡಿ, ಅದರ ಲೆಕ್ಕವನ್ನು ಬಹಿರಂಗವಾಗಿ ಕೊಡುವ ಪದ್ಧತಿಯೂ ಬಂತು.

ಮೊದಲ ದಾರಿ ದಾನಿಗಳಿಗೆ ಅತಿ ಇಷ್ಟ. ತಮ್ಮ ಹಣ ಎಲ್ಲಿ ಹೋಯಿತು ಎಂದು ತೋರಿಸಲು ಸುಲಭ. ಸರ್ಕಾರದ ಇಲಾಖೆ ನಿಧಾನ, ಅದನ್ನು ನಂಬಲಾಗದು ಎಂದು ಇಲಾಖೆಯ ಪಕ್ಕದಲ್ಲೇ ಒಂದು ಪ್ರತ್ಯೇಕ ಯೋಜನಾ ಘಟಕ ತೆರೆಯುತ್ತಾರೆ. ಅದಕ್ಕೆ ಬೇರೆ ಲೆಕ್ಕಿಗ, ಬೇರೆ ವಾಹನ, ಬೇರೆ ಸಂಬಳ. ಆ ಸಂಬಳ ಸರ್ಕಾರಿ ಸಂಬಳದ ಹಲವು ಪಟ್ಟು ಇರುವುದರಿಂದ ಇಲಾಖೆಯ ಒಳ್ಳೊಳ್ಳೆ ಅಧಿಕಾರಿಗಳೇ ಆ ಘಟಕಕ್ಕೆ ಹೋಗಿ ಸೇರುತ್ತಾರೆ. ಯೋಜನೆ ಐದು ವರ್ಷ ಚೆನ್ನಾಗಿ ನಡೆಯುತ್ತದೆ. ಮುಗಿದ ದಿನ ಘಟಕಕ್ಕೆ ಬೀಗ ಬೀಳುತ್ತದೆ, ಇಲಾಖೆ ಮೊದಲಿಗಿಂತ ಬಡವಾಗಿರುತ್ತದೆ. ತರಬೇತಿಯ ಕತೆಯೂ ಇದಕ್ಕೆ ಹತ್ತಿರದ್ದೇ: ಕಾರ್ಯಾಗಾರಕ್ಕೆ ಹೋದರೆ ಸಿಗುವ ದಿನಭತ್ಯೆ ಸಂಬಳಕ್ಕಿಂತ ಹೆಚ್ಚಾದಾಗ, ಅಧಿಕಾರಿ ಮೇಜಿನ ಬಳಿ ಸಿಗುವುದೇ ಅಪರೂಪ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಸರ್ಕಾರಿ ಸಂಬಳದಲ್ಲಿ ಸಂಸಾರ ನಡೆಯದ ಕಡೆ ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಇದನ್ನೆಲ್ಲ ಕಂಡು 2005ರಲ್ಲಿ ಪ್ಯಾರಿಸ್‌ನಲ್ಲಿ ದಾನಿ ದೇಶಗಳೂ ನೆರವು ಪಡೆಯುವ ದೇಶಗಳೂ ಸೇರಿ ಒಂದು ಘೋಷಣೆಗೆ ಸಹಿ ಹಾಕಿದವು. ಇನ್ನು ಮುಂದೆ ಆಯಾ ದೇಶದ ಬಜೆಟ್, ಖಜಾನೆ, ಲೆಕ್ಕಪರಿಶೋಧನೆಯ ವ್ಯವಸ್ಥೆಯನ್ನೇ ಬಳಸುತ್ತೇವೆ, ಸಮಾನಾಂತರ ಘಟಕಗಳನ್ನು ಕಡಿಮೆ ಮಾಡುತ್ತೇವೆ ಎಂಬುದು ಅದರ ತಿರುಳು. ಅದೇ ವರ್ಷ ದೇಶಗಳ ಹಣಕಾಸು ನಿರ್ವಹಣೆಗೆ ಎ, ಬಿ, ಸಿ, ಡಿ ಶ್ರೇಣಿ ಕೊಡುವ ಪೀಫಾ ಎಂಬ ಅಳತೆಗೋಲೂ ಬಂತು. ಬಜೆಟ್ ಹೇಳಿದಂತೆ ಖರ್ಚಾಯಿತೇ, ಬಾಕಿ ಬಿಲ್ ಎಷ್ಟು ಉಳಿದಿದೆ, ಸಂಬಳ ಪಟ್ಟಿಗೂ ನೌಕರರ ದಾಖಲೆಗೂ ತಾಳೆ ಇದೆಯೇ, ಲೆಕ್ಕಪರಿಶೋಧನಾ ವರದಿಯನ್ನು ಸಂಸತ್ತು ಎಷ್ಟು ತಿಂಗಳಲ್ಲಿ ನೋಡುತ್ತದೆ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಅಂಕ ಕೊಡುವವರು ಬಂದ ಮೇಲೆ ಅಂಕಕ್ಕಾಗಿ ಓದುವವರೂ ಬರುತ್ತಾರೆ.

ಒಳಗಿನವರು ಮುಂದೆ ನಿಂತಾಗ

ಉಗಾಂಡಾದ ನಿಜವಾದ ಸುಧಾರಣೆಯ ಆರಂಭ ಶಾಲೆಯ ಸಮೀಕ್ಷೆಗಿಂತ ಹಿಂದಿನದು. ಇದಿ ಅಮೀನ್ ಆಳ್ವಿಕೆ, ಅದರ ನಂತರದ ಅಂತರ್ಯುದ್ಧಗಳಲ್ಲಿ ಜರ್ಜರಿತವಾಗಿದ್ದ ದೇಶ 1986ರಲ್ಲಿ ಅಧ್ಯಕ್ಷ ಯೊವೇರಿ ಮುಸೆವೆನಿ ಕೈಗೆ ಬಂತು. ಸರ್ಕಾರ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿ, ಕೇಂದ್ರ ಬ್ಯಾಂಕಿನಿಂದ ನೋಟು ಅಚ್ಚು ಹಾಕಿಸಿ ದಿನ ದೂಡುತ್ತಿತ್ತು. ಬೆಲೆಗಳು ಮುಗಿಲು ಮುಟ್ಟಿದ್ದವು. ಖರ್ಚಿಗೆ ಕಡಿವಾಣ ಹಾಕಿ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ ವರ್ಷಗಳಿಂದ ಹೇಳುತ್ತಲೇ ಇತ್ತು. 1992ರಲ್ಲಿ ಬೆಲೆ ಮತ್ತೆ ಏರಿದಾಗ ಮುಸೆವೆನಿ ಹಣಕಾಸು ಮತ್ತು ಯೋಜನಾ ಸಚಿವಾಲಯಗಳನ್ನು ಒಂದುಗೂಡಿಸಿ, ಅದರ ಆಡಳಿತದ ಚುಕ್ಕಾಣಿಯನ್ನು ಇಮ್ಯಾನುಯೆಲ್ ಟುಮುಸೀಮೆ ಮುಟೆಬಿಲೆ ಎಂಬ ಅಧಿಕಾರಿಗೆ ಕೊಟ್ಟರು. ಅವರ ನಿಯಮ ಕಟ್ಟುನಿಟ್ಟು: ಈ ತಿಂಗಳು ಎಷ್ಟು ಆದಾಯ ಬಂತೋ ಅಷ್ಟೇ ಖರ್ಚು. ಹಣದುಬ್ಬರ ಇಳಿಯಿತು, ಹಣಕಾಸು ಸಚಿವಾಲಯದ ಮಾತಿಗೆ ತೂಕ ಬಂತು. ಮುಂದೆ ಶಾಲೆಯ ಅನುದಾನದ ಲೆಕ್ಕವನ್ನು ಪತ್ರಿಕೆಗೆ ಕೊಡುವ ಧೈರ್ಯ ಸರ್ಕಾರಕ್ಕೆ ಬಂದಿದ್ದರ ಹಿಂದೆ ಈ ತೂಕವಿದೆ.

ಈ ಮುಟೆಬಿಲೆ ಬಗ್ಗೆ ಭಾರತೀಯರು ಒಂದು ಸಂಗತಿ ನೆನಪಿಡಬೇಕು. 1972ರಲ್ಲಿ ಅಮೀನ್ ಭಾರತೀಯ ಮೂಲದವರನ್ನು ದೇಶದಿಂದ ಹೊರಹಾಕಿದಾಗ ಮಕರೇರೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದ ಇವರು ಅದನ್ನು ಬಹಿರಂಗವಾಗಿ ಟೀಕಿಸಿ, ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಹೋಗಬೇಕಾಯಿತು. ಮರಳಿ ಬಂದು ಹಣಕಾಸು ಸಚಿವಾಲಯ ಕಟ್ಟಿದರು, ಆಮೇಲೆ 2001ರಿಂದ 2022ರಲ್ಲಿ ತೀರಿಕೊಳ್ಳುವವರೆಗೂ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದರು.

ದಾನಿಗಳು ಕೇಳಿದ್ದನ್ನೇ ಅವರೂ ಮಾಡಿದರು ಎನ್ನಬಹುದು. ಆದರೆ ದಾನಿಗಳು ಕೇಳಿದ್ದಕ್ಕಾಗಿ ಮಾಡಲಿಲ್ಲ. ದೇಶದೊಳಗೆ ಸಂಕಟ ಎದ್ದಿತ್ತು, ಅದನ್ನು ಬಗೆಹರಿಸಲೇಬೇಕಾದ ರಾಜಕೀಯ ಒತ್ತಡವಿತ್ತು, ಬಗೆಹರಿಸಲು ಅಧಿಕಾರವಿದ್ದ ವ್ಯಕ್ತಿ ಇದ್ದರು. ಆಗ ಬಂದ ಹೊರಗಿನ ಹಣ ಮತ್ತು ತಜ್ಞತೆ ಕೆಲಸಕ್ಕೆ ಬಂತು. ಇದೇ ಅವಧಿಯಲ್ಲಿ 38 ಸಚಿವಾಲಯಗಳು 21ಕ್ಕೆ ಇಳಿದವು. 1990ರಲ್ಲಿ 3,20,000 ಇದ್ದ ಸರ್ಕಾರಿ ನೌಕರರ ಸಂಖ್ಯೆ ಐದಾರು ವರ್ಷಗಳಲ್ಲಿ ಅರ್ಧಕ್ಕೆ ಬಂತು. ಪಟ್ಟಿಯಿಂದ ಹೋದವರಲ್ಲಿ ಬಹಳಷ್ಟು ಮಂದಿ ಇಲ್ಲದ ನೌಕರರೇ: ಸಂಬಳ ಎಣಿಸುವವರಿದ್ದರು, ಕೆಲಸಕ್ಕೆ ಬರುವ ಮನುಷ್ಯ ಇರಲಿಲ್ಲ.

1991ರಲ್ಲಿ ಹುಟ್ಟಿದ ತೆರಿಗೆ ಪ್ರಾಧಿಕಾರದ್ದು ಸ್ವಲ್ಪ ಬೇರೆ ಕತೆ. ಇಲಾಖೆಯಿಂದ ಬೇರ್ಪಟ್ಟ ಸ್ವಾಯತ್ತ ಸಂಸ್ಥೆ, ಒಳ್ಳೆಯ ಸಂಬಳ, ವಿದೇಶಿ ನೆರವು. ಮೊದಲ ಕೆಲವು ವರ್ಷ ದೇಶದ ಒಟ್ಟು ಉತ್ಪನ್ನದ ಶೇ 7ರಷ್ಟಿದ್ದ ತೆರಿಗೆ ಶೇ 11ರ ಸುಮಾರಿಗೆ ಏರಿತು, ಆಮೇಲೆ ಹಲವು ವರ್ಷ ಅಲ್ಲೇ ನಿಂತಿತು. ರಾಜಕೀಯ ಪ್ರಭಾವ, ಬಂಧು ಬಳಗ ಎಲ್ಲವೂ ಹೊಸ ಕಟ್ಟಡದೊಳಗೂ ಬಂದು ಸೇರಿಕೊಂಡವು. ಸಂಬಳ ಹೆಚ್ಚಿಸಿದರೆ ಲಂಚ ಬಿಡುತ್ತಾರೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ನಿಜ ಅಷ್ಟೇ.

ಕಾನೂನು, ಸಾಫ್ಟ್‌ವೇರ್ ಎಲ್ಲ ಇದ್ದೂ

2000ದ ದಶಕದ ಕೊನೆಗೆ ಉಗಾಂಡಾದ ಭ್ರಷ್ಟಾಚಾರ ವಿರೋಧಿ ಕಾನೂನುಗಳು ಅಂತರರಾಷ್ಟ್ರೀಯ ಮೌಲ್ಯಮಾಪನದಲ್ಲಿ ಬಹುತೇಕ ಪೂರ್ಣ ಅಂಕ ಪಡೆದಿದ್ದವು. ಭ್ರಷ್ಟಾಚಾರ ಪ್ರಕರಣಗಳಿಗೇ ಪ್ರತ್ಯೇಕ ನ್ಯಾಯಾಲಯ, ಖರೀದಿ ಕಾನೂನು, 2003-04ರಿಂದ ವಿಶ್ವ ಬ್ಯಾಂಕಿನ ನೆರವಿನಲ್ಲಿ ಗಣಕೀಕೃತ ಹಣಕಾಸು ನಿರ್ವಹಣಾ ವ್ಯವಸ್ಥೆ, ಎಲ್ಲವೂ ಇದ್ದವು. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲ.

2012ರ ಅಕ್ಟೋಬರ್‌ನಲ್ಲಿ ದೇಶದ ಮಹಾಲೇಖಪಾಲರ ವಿಶೇಷ ವರದಿ ಹೊರಬಿತ್ತು. ಎರಡು ದಶಕದ ದಂಗೆಯಲ್ಲಿ ಸುಟ್ಟುಹೋಗಿದ್ದ ಉತ್ತರ ಉಗಾಂಡಾದ ಪುನರ್ನಿರ್ಮಾಣಕ್ಕೆಂದು ಐರ್ಲೆಂಡ್, ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಕೊಟ್ಟ ಹಣದಲ್ಲಿ ಸುಮಾರು 1.2 ಕೋಟಿ ಯೂರೋ ಪ್ರಧಾನಿ ಕಚೇರಿಯ ಮೂಲಕ ಬೇರೆಡೆಗೆ ಹೋಗಿತ್ತು. ಹೋದ ದಾರಿ ಗಮನಿಸಬೇಕಾದ್ದು. ಹಣ ಇರಬೇಕಾದ ಖಾತೆಯಿಂದ, ಕೇಂದ್ರ ಬ್ಯಾಂಕಿನಲ್ಲೇ ನಿದ್ದೆ ಮಾಡುತ್ತಿದ್ದ ಇನ್ನೊಂದು ಹಳೆಯ ಖಾತೆಗೆ ಅದನ್ನು ವರ್ಗಾಯಿಸಲಾಯಿತು. ಅಲ್ಲಿಂದ ನಕಲಿ ಸಹಿಗಳ ಬಲದಿಂದ ಹೊರಬಂದು, ಮುಂಗಡ ಎಂಬ ಹೆಸರಿನಲ್ಲಿ ನೌಕರರ ಸ್ವಂತ ಖಾತೆಗಳಿಗೆ ಜಮೆಯಾಯಿತು. ಕಂಪ್ಯೂಟರ್ ವ್ಯವಸ್ಥೆ ಕೆಟ್ಟಿರಲಿಲ್ಲ. ಪಾಸ್‌ವರ್ಡ್ ಇದ್ದವರು, ಸಹಿ ಪರಿಶೀಲಿಸಬೇಕಾದವರು, ಖಾತೆ ಮುಚ್ಚಬೇಕಾದವರು ಒಟ್ಟಾಗಿ ಕಣ್ಣು ಮುಚ್ಚಿದರೆ ಯಾವ ವ್ಯವಸ್ಥೆ ತಡೆದೀತು?

ದಾನಿಗಳು ಬಜೆಟ್ ನೆರವು ನಿಲ್ಲಿಸಿದರು, ಬ್ರಿಟನ್ ಕೂಡ. ಐರ್ಲೆಂಡ್‌ಗೆ 40 ಲಕ್ಷ ಯೂರೋವನ್ನು ಉಗಾಂಡಾ ವಾಪಸು ಕೊಟ್ಟಿತು. ಕಳ್ಳತನ ಮಾಡಿದವರು ಕಂಪಾಲಾದಲ್ಲಿದ್ದರು, ನೆರವು ನಿಂತದ್ದರ ಪೆಟ್ಟು ಬಿದ್ದದ್ದು ಉತ್ತರದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ. ಈ ಅನ್ಯಾಯಕ್ಕೆ ನೆರವಿನ ಲೋಕದಲ್ಲಿ ಇನ್ನೂ ಸರಿಯಾದ ಪರಿಹಾರವಿಲ್ಲ.

ಆದರೆ ಇದೇ ಪ್ರಕರಣದಲ್ಲಿ ಒಂದು ಸಂಸ್ಥೆ ತನ್ನ ಕೆಲಸ ಮಾಡಿತು. ವಂಚನೆ ಬಯಲಿಗೆ ತಂದದ್ದು ವಿದೇಶಿ ತನಿಖಾಧಿಕಾರಿಗಳಲ್ಲ, ಉಗಾಂಡಾದ್ದೇ ಮಹಾಲೇಖಪಾಲರ ಕಚೇರಿ. 2008ರ ಕಾನೂನಿನಿಂದ ಅದಕ್ಕೆ ಸ್ವಾತಂತ್ರ್ಯ ಸಿಕ್ಕಿತ್ತು. ಅದನ್ನು ಬೆಳೆಸುವುದರಲ್ಲಿ ದಾನಿ ದೇಶಗಳ ತಾಳ್ಮೆಯ ನೆರವೂ ಇತ್ತು. ಯೋಜನೆಯ ಉದ್ಘಾಟನೆಯ ಫೋಟೊದಲ್ಲಿ ಲೆಕ್ಕಪರಿಶೋಧಕರು ಕಾಣಿಸುವುದಿಲ್ಲ. ಹಾಗಾಗಿ ಅವರ ಮೇಲೆ ಹಣ ಹಾಕಲು ಯಾರೂ ಮುಂದಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬಡ ದೇಶವೊಂದಕ್ಕೆ ಹೊರಗಿನವರು ಕೊಡಬಹುದಾದ ಅತಿ ಒಳ್ಳೆಯ ಕಾಣಿಕೆ ಸಮರ್ಥವಾದ, ಸ್ವತಂತ್ರವಾದ ಲೆಕ್ಕಪರಿಶೋಧನಾ ಕಚೇರಿಯೇ. 2013ರಿಂದ ಸರ್ಕಾರದ ಚದುರಿದ ಬ್ಯಾಂಕ್ ಖಾತೆಗಳನ್ನು ಮುಚ್ಚಿ ಎಲ್ಲವನ್ನೂ ಒಂದೇ ಖಜಾನೆ ಖಾತೆಗೆ ತರುವ ಕೆಲಸ ನಡೆಯಿತು, 2015ರಲ್ಲಿ ಹಣಕಾಸು ನಿರ್ವಹಣೆಯ ಹೊಸ ಕಾನೂನು ಬಂತು. ನಿದ್ದೆ ಮಾಡುವ ಖಾತೆಗಳೇ ಇಲ್ಲದಿದ್ದರೆ ಅವುಗಳ ಮೂಲಕ ಕದಿಯುವುದೂ ಕಷ್ಟ.

ಹಾರ್ವರ್ಡ್‌ನ ಮ್ಯಾಟ್ ಆಂಡ್ರೂಸ್, ಲ್ಯಾಂಟ್ ಪ್ರಿಚೆಟ್, ವಿಶ್ವ ಬ್ಯಾಂಕಿನ ಮೈಕಲ್ ವುಲ್‌ಕಾಕ್ ಇಂಥ ಅನುಭವಗಳನ್ನೆಲ್ಲ ನೋಡಿ ಒಂದು ವಿವರಣೆ ಕೊಟ್ಟರು. ವಿಷವಿಲ್ಲದ ಕೆಲವು ಹಾವುಗಳು ವಿಷದ ಹಾವಿನ ಬಣ್ಣ ಹೊದ್ದು ಬದುಕಿಕೊಳ್ಳುವಂತೆ, ಸರ್ಕಾರಿ ಸಂಸ್ಥೆಗಳು ಒಳ್ಳೆಯ ಸಂಸ್ಥೆಯ ರೂಪವನ್ನಷ್ಟೇ ತಾಳುತ್ತವೆ. ಕಾನೂನು ಬರೆದರೆ ಸಾಲದ ಮುಂದಿನ ಕಂತು ಬಿಡುಗಡೆಯಾಗುತ್ತದೆ, ಜಾರಿಯಾಯಿತೇ ಎಂದು ನೋಡುವಷ್ಟರಲ್ಲಿ ಯೋಜನೆ ಮುಗಿದಿರುತ್ತದೆ. ಅವರು ಸೂಚಿಸಿದ ದಾರಿ ಬೇರೆ. ಇನ್ನೊಂದು ದೇಶದ ಉತ್ತಮ ಪದ್ಧತಿಯನ್ನು ತಂದು ನಾಟಬೇಡಿ. ಅಲ್ಲಿನ ಅಧಿಕಾರಿಗಳೇ ಒಪ್ಪುವ ಒಂದು ಸಮಸ್ಯೆ ಹಿಡಿಯಿರಿ: ಔಷಧ ಆಸ್ಪತ್ರೆಗೆ ತಲುಪುತ್ತಿಲ್ಲ, ಗುತ್ತಿಗೆದಾರರ ಬಿಲ್ ಆರು ತಿಂಗಳಾದರೂ ಪಾಸಾಗುತ್ತಿಲ್ಲ, ಇಂಥದ್ದು. ಅದಕ್ಕೆ ಚಿಕ್ಕ ಚಿಕ್ಕ ಪರಿಹಾರ ಪ್ರಯತ್ನಿಸಿ, ಬೇಗ ಅಳೆಯಿರಿ, ತಪ್ಪಿದರೆ ತಿದ್ದಿಕೊಳ್ಳಿ. ಕೇಳಲು ಸುಲಭ. ಆದರೆ ಐದು ವರ್ಷದ ವೆಚ್ಚವನ್ನು ಮೊದಲೇ ಬರೆದುಕೊಡಬೇಕಾದ ದಾನಿ ಸಂಸ್ಥೆಗಳಿಗೆ ಹೀಗೆ ಕೆಲಸ ಮಾಡುವುದು ಬಹಳ ಕಷ್ಟ.

ನಮ್ಮ ಪಹಣಿ ಇಲ್ಲಿ ಯಾಕೆ ಬರುತ್ತದೆ

ಕರ್ನಾಟಕಕ್ಕೂ ಈ ವಿಷಯಕ್ಕೂ ನಂಟಿದೆ. 2001 ಮತ್ತು 2002ರಲ್ಲಿ ರಾಜ್ಯ ಸರ್ಕಾರ ಆರ್ಥಿಕ ಪುನಾರಚನೆಗೆಂದು ವಿಶ್ವ ಬ್ಯಾಂಕಿನಿಂದ ಸಾಲ ಪಡೆಯಿತು. 2002ರಲ್ಲಿ, ಸರ್ಕಾರದ ಸಾಲ ಮತ್ತು ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದು ದೇಶದಲ್ಲೇ ಮೊದಲ ರಾಜ್ಯವೆನಿಸಿತು. ಆದರೆ ಅದೇ ಕಾಲದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತಂದು ಜಗತ್ತಿನ ಕಣ್ಣು ಸೆಳೆದ ಭೂಮಿ ಯೋಜನೆ ಸಾಲದ ಷರತ್ತಿನಿಂದ ಹುಟ್ಟಿದ್ದಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಪಹಣಿ ಬೇಕೆಂದರೆ ಲೆಕ್ಕಿಗರು ಎಲ್ಲಿ ಸಿಗುತ್ತಾರೆ ಎಂದು ಹುಡುಕಿ, ಕೈಬಿಸಿ ಮಾಡಿ, ವಾರಗಟ್ಟಲೆ ಕಾಯುವುದು ಎಲ್ಲ ರೈತರಿಗೂ ಗೊತ್ತಿದ್ದ ಕಷ್ಟ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು.

ಕಂಪ್ಯೂಟರ್ ತಂದದ್ದರಿಂದ ಮಾತ್ರ ಇದು ಆಗಲಿಲ್ಲ. ಪ್ರತಿ ತಾಲ್ಲೂಕಿನಲ್ಲಿ ದತ್ತಾಂಶ ಸಿದ್ಧವಾದ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಸರ್ಕಾರ ಆದೇಶ ಹೊರಡಿಸಿತು. ಹಳೆಯ ದಾರಿಯೇ ಮುಚ್ಚಿಹೋಯಿತು. ಉಗಾಂಡಾದ ಪ್ರಧಾನಿ ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಬಂದಿತ್ತು, ಹಳೆಯ ಖಾತೆಗಳೂ ತೆರೆದೇ ಇದ್ದವು. ಈ ಎರಡರ ನಡುವಿನ ವ್ಯತ್ಯಾಸವನ್ನು ಗಣಕೀಕರಣ ಎಂದು ಕೂಗುವ ಎಲ್ಲ ದೇಶಗಳೂ ಗಮನಿಸಬೇಕು. ಹಾಗೆಂದು ಭೂಮಿ ಎಲ್ಲ ಕಷ್ಟ ನೀಗಿಸಿತು ಎನ್ನಲಾರೆ. ಪಹಣಿಯಲ್ಲಿ ಸೇರಿಕೊಂಡ ತಪ್ಪು ತಿದ್ದಿಸಲು, ಖಾತೆ ಬದಲಾಯಿಸಲು ಇಂದಿಗೂ ಅಲೆಯುವವರಿದ್ದಾರೆ.

ಭಾರತದಿಂದ ಪೂರ್ವ ಆಫ್ರಿಕಾಕ್ಕೆ ನೇರವಾಗಿ ಹೋದ ಇನ್ನೊಂದು ನೆರವೂ ಇದೆ. ಶಾಲೆಗೆ ಹಣ ಮುಟ್ಟಿತು, ಮಕ್ಕಳು ಸೇರಿದರು, ಆದರೆ ಕಲಿತರೇ? 2000ದ ದಶಕದ ಆರಂಭದಲ್ಲಿ ಹೇಳದೆ ಕೇಳದೆ ಶಾಲೆಗೆ ಹೋಗಿ ಎಣಿಸಿದಾಗ ಭಾರತದಲ್ಲಿ ಶೇ 25 ಶಿಕ್ಷಕರು, ಉಗಾಂಡಾದಲ್ಲಿ ಶೇ 27 ಶಿಕ್ಷಕರು ಶಾಲೆಯಲ್ಲೇ ಇರಲಿಲ್ಲ. ನಮ್ಮಲ್ಲಿ ಪ್ರಥಮ್ ಸಂಸ್ಥೆ ಮನೆ ಮನೆಗೆ ಹೋಗಿ ಮಗುವಿನ ಕೈಗೆ ಒಂದು ಸಣ್ಣ ಪಾಠ ಕೊಟ್ಟು ಓದಿಸಿ ನೋಡುವ ಅಸರ್ ಸಮೀಕ್ಷೆ ಆರಂಭಿಸಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೀನ್ಯಾ, ತಾಂಜಾನಿಯಾ, ಉಗಾಂಡಾದಲ್ಲಿ ಉವೇಜೊ ಎಂಬ ಸಮೀಕ್ಷೆ ಶುರುವಾಯಿತು. ಮೂರನೇ ತರಗತಿಯ ಬಹುಪಾಲು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಅದು ತೋರಿಸಿತು. ಇದು ಸಾಲವಲ್ಲ, ಷರತ್ತಲ್ಲ. ಒಂದು ಅಳತೆಯ ವಿಧಾನ. ಊರಿನ ಸ್ವಯಂಸೇವಕರೇ ಅಳೆದು, ಆ ಮನೆಯವರಿಗೇ ಆಗಿಂದಾಗ್ಗೆ ಫಲಿತಾಂಶ ಹೇಳಬಹುದು.

ನೆರವು ಕರಗುವ ಹೊತ್ತು

ಈಗ ಪರಿಸ್ಥಿತಿ ಬದಲಾಗಿದೆ. ಸಲಿಂಗಿಗಳ ವಿರುದ್ಧ ಉಗಾಂಡಾ ಕಠಿಣ ಕಾನೂನು ತಂದಾಗ 2023ರ ಆಗಸ್ಟ್‌ನಲ್ಲಿ ವಿಶ್ವ ಬ್ಯಾಂಕ್ ಹೊಸ ಸಾಲ ನಿಲ್ಲಿಸಿತು, 2025ರ ಜೂನ್‌ನಲ್ಲಿ ಮತ್ತೆ ಕೊಡುವುದಾಗಿ ಹೇಳಿತು. 2025ರ ಜುಲೈ 1ರಂದು ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಸ್ವತಂತ್ರ ಸಂಸ್ಥೆಯಾಗಿ ಉಳಿಯಲಿಲ್ಲ. ಉಗಾಂಡಾದ ಎಚ್‌ಐವಿ ಚಿಕಿತ್ಸೆಯ ಬಹುಪಾಲು ಅಮೆರಿಕದ ಹಣದಲ್ಲಿ, ಸರ್ಕಾರಿ ಆಸ್ಪತ್ರೆಯ ಆವರಣದಲ್ಲೇ ಪ್ರತ್ಯೇಕ ಕ್ಲಿನಿಕ್‌ಗಳಲ್ಲಿ, ಯೋಜನೆಯಿಂದ ಸಂಬಳ ಪಡೆಯುವ ದಾದಿಯರು ಮತ್ತು ಆಪ್ತಸಮಾಲೋಚಕರಿಂದ ನಡೆಯುತ್ತಿತ್ತು. ಪ್ರಾಣ ಉಳಿಸಿದ ಕೆಲಸ ಅದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಸಿಬ್ಬಂದಿಯ ಹೆಸರು ಸರ್ಕಾರದ ಸಂಬಳ ಪಟ್ಟಿಯಲ್ಲಿರಲಿಲ್ಲ. ಹಣ ನಿಂತ ಕೂಡಲೇ ಆರೋಗ್ಯ ಸಚಿವಾಲಯ ಈ ಪ್ರತ್ಯೇಕ ಕ್ಲಿನಿಕ್‌ಗಳನ್ನು ಸಾಮಾನ್ಯ ಹೊರರೋಗಿ ವಿಭಾಗದೊಳಗೆ ಸೇರಿಸಲು ಸೂಚಿಸಬೇಕಾಯಿತು.

ಇವರಲ್ಲಿ ಯಾರನ್ನು ಖಾಯಂ ಪಟ್ಟಿಗೆ ತರುವುದು, ಆ ಸಂಬಳಕ್ಕೆ ಹಣ ಎಲ್ಲಿಂದ ಹೊಂದಿಸುವುದು ಎಂದು ಈಗ ಉಗಾಂಡಾ ಸ್ವತಃ ನಿರ್ಧರಿಸಬೇಕು. ಅದಕ್ಕೆ ಮೊದಲು ಈಗಿರುವ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಖಚಿತವಾಗಬೇಕು. ಮಹಾಲೇಖಪಾಲರು 2023ರಲ್ಲಿ ಜಿಲ್ಲೆ ಜಿಲ್ಲೆಗೂ ತಂಡ ಕಳಿಸಿ ಇಡೀ ಸರ್ಕಾರಿ ಸಂಬಳ ಪಟ್ಟಿಯ ವಿಶೇಷ ಪರಿಶೋಧನೆ ನಡೆಸಿದರು. ನೌಕರರು ಗುರುತಿನ ದಾಖಲೆ, ನೇಮಕಾತಿ ಪತ್ರ ಹಿಡಿದು ತಂಡದೆದುರು ಖುದ್ದಾಗಿ ಹಾಜರಾಗಬೇಕಿತ್ತು. ಆ ಪರಿಶೋಧನೆಯಲ್ಲಿ ಹೊರಬಿದ್ದ ಸುಳ್ಳು ಹೆಸರುಗಳ ಸಂಬಳ ನಿಲ್ಲಿಸಿ ಉಳಿಸಿದ ಪ್ರತಿ ಶಿಲ್ಲಿಂಗ್‌ನಿಂದ ಒಬ್ಬ ನಿಜವಾದ ದಾದಿಯ ಸಂಬಳಕ್ಕೆ ದಾರಿಯಾಗಬಹುದು. ಉಳಿತಾಯ ಎಷ್ಟಾಯಿತು, ಅದು ಎಲ್ಲಿಗೆ ಹೋಯಿತು ಎಂದು ಪ್ರತಿ ಜಿಲ್ಲೆಯ ಲೆಕ್ಕವನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕುವ ಅಭ್ಯಾಸ ಆ ದೇಶಕ್ಕೆ ಹೊಸದೇನಲ್ಲ.